ಪುಕ್ಕಟೆ ಟ್ಯಾಂಕು ಯಾರಿಗೆ ಬೇಕಿತ್ತು?

ಅಮೆರಿಕದ ಕಾದಂಬರಿಕಾರ ನೀಲ್ ಸ್ಟೀಫನ್‌ಸನ್ 1999ರಲ್ಲಿ ‘ಇನ್ ದ ಬಿಗಿನಿಂಗ್ ವಾಸ್ ದ ಕಮಾಂಡ್ ಲೈನ್’ ಎಂಬ ನೀಳ ಪ್ರಬಂಧ ಬರೆದರು. ಅದರಲ್ಲಿ ಡಿಸ್ನಿ ಲೋಕದ ಮೇಲಿನ ಟೀಕೆಯಿದೆ, ಯುನಿಕ್ಸ್ ಬಗೆಗಿನ ಭಕ್ತಿಯಿದೆ. ಆದರೆ ಓದಿದವರ ತಲೆಯಲ್ಲಿ ಇಂದಿಗೂ ನಿಂತಿರುವುದು ಆಪರೇಟಿಂಗ್ ಸಿಸ್ಟಂಗಳನ್ನು ಗಾಡಿಗಳಾಗಿ ಚಿತ್ರಿಸುವ ಅದರ ಕಾರು ಅಂಗಡಿಗಳ ಕಥೆ.

ಒಂದು ಕೂಡುರಸ್ತೆಯಲ್ಲಿ ನಾಲ್ಕು ಅಂಗಡಿಗಳು. ಎಲ್ಲಕ್ಕಿಂತ ದೊಡ್ಡದು ಮೈಕ್ರೋಸಾಫ್ಟ್‌ನದು. ಅದು ವ್ಯಾಪಾರ ಶುರುಮಾಡಿದ್ದೇ ಎಂಎಸ್-ಡಾಸ್ ಎಂಬ ಸೈಕಲ್ಲಿನಿಂದ. ಪಕ್ಕದಲ್ಲಿ ಆಪಲ್ ನೋಡಲು ಚೆಂದದ, ಬೆಲೆಯಲ್ಲಿ ದುಬಾರಿಯಾದ, ಬಾನೆಟ್ ತೆರೆಯಲು ಬಾರದ ಕಾರು ತಂದು ನಿಲ್ಲಿಸಿತು. ಗಾಬರಿಯಾದ ದೊಡ್ಡಂಗಡಿ ಸೈಕಲ್ಲಿಗೇ ಮೋಟಾರು ಬಿಗಿದು ಕೊಟ್ಟಿತು. ಅದು ಮೊದಲ ವಿಂಡೋಸ್. ಆಮೇಲೆ ಬಂದ ವಿಂಡೋಸ್ 95 ಎಂದರೆ ಇಡೀ ಸಂಸಾರ ಸಾಮಾನು ಸಮೇತ ಹಿಡಿಸುವ, ಅಲ್ಲಲ್ಲಿ ಎಣ್ಣೆ ಸೋರುವ ಸ್ಟೇಷನ್ ವ್ಯಾಗನ್. ಬೀ ಕಂಪನಿಯದು ಬ್ಯಾಟ್‌ಮನ್ ಓಡಿಸುವಂಥ ಗಾಡಿ. ನಾಲ್ಕನೆಯದು ಅಂಗಡಿಯೇ ಅಲ್ಲ, ಡೇರೆ ಹಾಕಿಕೊಂಡ ಒಂದಷ್ಟು ಜನ. ಅವರು ಎಂದೂ ಕೆಡದ ಟ್ಯಾಂಕುಗಳನ್ನು ಕಟ್ಟಿ, ಬೀಗದಕೈ ಅದರಲ್ಲೇ ಬಿಟ್ಟು, ರಸ್ತೆ ಬದಿಯಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಬೇಕಾದವರು ಪುಕ್ಕಟೆ ಒಯ್ಯಬಹುದು. ಅದು ಲಿನಕ್ಸ್. ಆದರೂ ಬಂದವರಲ್ಲಿ ಹೆಚ್ಚಿನವರು ನೇರ ದೊಡ್ಡಂಗಡಿಗೇ ಹೋಗುತ್ತಾರೆ.

ಈ ರೂಪಕದ ದೊಡ್ಡ ಗುಣ ಅದರ ತಾಂತ್ರಿಕ ನಿಖರತೆ. ಮೋಟಾರು ಬಿಗಿದ ಸೈಕಲ್ ಬರೀ ಗೇಲಿಯ ಮಾತಲ್ಲ. ವಿಂಡೋಸ್ 3.1 ಬಳಸಿದವರಿಗೆ ಗೊತ್ತು: ಕಂಪ್ಯೂಟರ್ ಹಾಕಿದರೆ ಮೊದಲು ಕಾಣುತ್ತಿದ್ದುದು ಕಪ್ಪು ಪರದೆಯ ಮೇಲಿನ ಸಿ ಪ್ರಾಂಪ್ಟ್. ಅಲ್ಲಿ ‘ವಿನ್’ ಎಂದು ಟೈಪಿಸಿ ಎಂಟರ್ ಒತ್ತಿದರೆ ವಿಂಡೋಸ್ ತೆರೆದುಕೊಳ್ಳುತ್ತಿತ್ತು, ಮುಚ್ಚಿದರೆ ಮತ್ತೆ ಅದೇ ಕಪ್ಪು ಪರದೆ. ಕೆಳಗಿದ್ದ ಡಾಸ್ ಎಲ್ಲಿಗೂ ಹೋಗಿರಲಿಲ್ಲ. ಇದನ್ನು ವಿವರಿಸಲು ಪಠ್ಯಪುಸ್ತಕಕ್ಕೆ ಒಂದು ಅಧ್ಯಾಯ ಬೇಕು, ಸ್ಟೀಫನ್‌ಸನ್‌ಗೆ ಒಂದು ಚಿತ್ರ ಸಾಕಾಯಿತು.

ಅಷ್ಟಾದರೂ ಈ ರೂಪಕದ ಬುಡದಲ್ಲೇ ಒಂದು ದೋಷವಿದೆ ಎಂಬುದು ನನ್ನ ತಕರಾರು. ಕಾರು ಯಾವ ಕಂಪನಿಯದಾದರೂ ಓಡುವುದು ಒಂದೇ ರಸ್ತೆಯ ಮೇಲೆ. ಪಕ್ಕದ ಮನೆಯವರ ಕಾರು ಯಾವುದೆಂದು ನೋಡಿ ನಾವು ಕಾರು ಕೊಳ್ಳಬೇಕಿಲ್ಲ. ಆಪರೇಟಿಂಗ್ ಸಿಸ್ಟಂ ಹಾಗಲ್ಲ, ಅದು ಗಾಡಿಯೂ ಹೌದು, ರಸ್ತೆಯೂ ಹೌದು. ಹೆಚ್ಚು ಜನ ಇರುವ ಕಡೆಗೇ ತಂತ್ರಾಂಶ ಬರೆಯುವವರು ಹೋಗುತ್ತಾರೆ, ತಂತ್ರಾಂಶ ಇರುವ ಕಡೆಗೇ ಜನ ಹೋಗುತ್ತಾರೆ. ಪ್ರಬಂಧ ಬಂದ ವರ್ಷವೇ, 1999ರ ನವೆಂಬರಿನಲ್ಲಿ, ಮೈಕ್ರೋಸಾಫ್ಟ್ ಏಕಸ್ವಾಮ್ಯ ಮೊಕದ್ದಮೆಯ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಹೊಸಬರನ್ನು ಹೊರಗಿಡುವ ಈ ಗೋಡೆಯನ್ನೇ ವಿವರವಾಗಿ ದಾಖಲಿಸಿದರು. ಬೀ ಕಂಪನಿಯ ಕಥೆ ಇನ್ನೂ ಕಹಿ. ಹಿಟಾಚಿ ತನ್ನ ಕೆಲವು ಕಂಪ್ಯೂಟರುಗಳಲ್ಲಿ ವಿಂಡೋಸ್ ಜೊತೆಗೆ ಬೀಓಎಸ್ ಕೂಡ ತುಂಬಿ ಮಾರಿತು, ಆದರೆ ಶುರುವಿನಲ್ಲಿ ಎರಡರಲ್ಲೊಂದನ್ನು ಆರಿಸುವ ಮೆನು ಕೊಡಲಿಲ್ಲ. ಇದಕ್ಕೆ ಮೈಕ್ರೋಸಾಫ್ಟ್‌ನ ಲೈಸೆನ್ಸ್ ಷರತ್ತೇ ಕಾರಣ ಎಂಬುದು ಬೀ ದೂರು. 2001ರಲ್ಲಿ ಬೀ ತನ್ನ ತಂತ್ರಜ್ಞಾನವನ್ನು ಪಾಮ್ ಕಂಪನಿಗೆ ಮಾರಿತು. 2003ರಲ್ಲಿ ಮೈಕ್ರೋಸಾಫ್ಟ್ 2.325 ಕೋಟಿ ಡಾಲರ್ ಕೊಟ್ಟು ಆ ವ್ಯಾಜ್ಯ ಮುಗಿಸಿತು. ಗಿರಾಕಿಗೆ ಬ್ಯಾಟ್‌ಮನ್ ಗಾಡಿ ಇಷ್ಟವಾಗಲಿಲ್ಲ ಎಂದು ಹೇಳುವಂತಿಲ್ಲ, ಅದು ಅವನ ಕಣ್ಣಿಗೇ ಬೀಳಲಿಲ್ಲ.

ಕನ್ನಡಿಗರು ಇದನ್ನು ಅನುಭವಿಸಿ ಬಲ್ಲರು. ಬರಹ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳೆರಡೂ ವಿಂಡೋಸ್‌ಗಾಗಿ ಹುಟ್ಟಿದವು. ಡಿಟಿಪಿ ಅಂಗಡಿಗಳ ಪೇಜ್‌ಮೇಕರ್ ಲಿನಕ್ಸ್‌ಗೆ ಬರಲೇ ಇಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು. ಇಂಥ ಕಡತಗಳ ನಡುವೆ ದಿನವಿಡೀ ಕೆಲಸ ಮಾಡುವ ಗುಮಾಸ್ತರಿಗೆ ಪುಕ್ಕಟೆ ಟ್ಯಾಂಕು ಕೊಟ್ಟು ಏನು ಪ್ರಯೋಜನ? ಅವರು ವಿಂಡೋಸ್ ಹಿಡಿದದ್ದು ಅಜ್ಞಾನದಿಂದಲ್ಲ. ಗಿರಾಕಿಯ ಹೆಡ್ಡತನವನ್ನೇ ನೆಚ್ಚಿ ನಗುವ ಸ್ಟೀಫನ್‌ಸನ್ ಇಲ್ಲಿ ಅನ್ಯಾಯ ಮಾಡುತ್ತಾರೆ.

ಕಥೆಯ ಅತ್ಯುತ್ತಮ ಭಾಗ ಒಂದು ಸಂಭಾಷಣೆ. ಟ್ಯಾಂಕು ಕೆಟ್ಟರೆ ಗತಿಯೇನು ಎನ್ನುವ ಗಿರಾಕಿಗೆ ಡೇರೆಯವನು ಹೇಳುತ್ತಾನೆ: ನೀವು ಮಲಗಿರುವಾಗ ನಮ್ಮವರು ಮನೆಗೇ ಬಂದು ಬಿಟ್ಟಿಯಾಗಿ ಸರಿಮಾಡಿ ಹೋಗುತ್ತಾರೆ. ಗಿರಾಕಿ ಹೆದರಿ ಅವನನ್ನು ಅಟ್ಟುತ್ತಾನೆ. ಇವತ್ತು ಈ ಭಾಗ ಓದಿದರೆ ಮೈ ಜುಮ್ಮೆನ್ನುತ್ತದೆ. ಫೋನನ್ನು ಚಾರ್ಜಿಗೆ ಹಾಕಿ ಮಲಗಿದರೆ ಎಷ್ಟೋ ಬಾರಿ ಅಪ್‌ಡೇಟ್ ರಾತ್ರಿಯೇ ಇಳಿದು ಕೂತಿರುತ್ತದೆ. ಅಪರಿಚಿತ ಮೆಕ್ಯಾನಿಕ್ ಮನೆಯೊಳಗೆ ಬಂದೇಬಿಟ್ಟ, ಆದರೆ ಅವನನ್ನು ಕಳಿಸಿದ್ದು ಡೇರೆಯವರಲ್ಲ, ಕಂಪನಿ. ನಾವು ಬಾಗಿಲು ತೆರೆದೇ ಇಟ್ಟಿದ್ದೇವೆ.

2004ರಲ್ಲಿ ಸ್ಟೀಫನ್‌ಸನ್ ತಾವು ಮ್ಯಾಕ್ ಓಎಸ್ ಎಕ್ಸ್‌ಗೆ ಬದಲಾಗಿರುವುದಾಗಿಯೂ ಪ್ರಬಂಧದ ಬಹುಭಾಗ ಹಳತಾಯಿತೆಂದೂ ಹೇಳಿದರು. ಯುನಿಕ್ಸ್ ವಂಶದ ಎಂಜಿನನ್ನು ಆಪಲ್ ತನ್ನ ಚೆಂದದ ಕಾರಿನೊಳಗೇ ಕೂರಿಸಿಕೊಂಡಿತ್ತು, ಅವರ ಮನಸ್ಸು ಅತ್ತ ವಾಲಿದ್ದು ಸಹಜ. ಆದರೂ ಅವರ ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಹಳತಾದದ್ದು ಗಾಡಿಗಳ ಮಾಡೆಲ್ಲು ಮಾತ್ರ, ಬಾನೆಟ್ ಯಾರು ತೆರೆಯಬಹುದೆಂಬ ಪ್ರಶ್ನೆ ಇನ್ನೂ ಬಿಸಿಯಾಗಿದೆ. ಟ್ಯಾಂಕು ಗೆದ್ದಿದೆ: 2017ರ ನವೆಂಬರಿನಿಂದ ಜಗತ್ತಿನ ಅಗ್ರ 500 ಸೂಪರ್ ಕಂಪ್ಯೂಟರುಗಳೆಲ್ಲವೂ ಲಿನಕ್ಸ್ ಮೇಲೆಯೇ ನಡೆಯುತ್ತಿವೆ, ಪ್ರತಿ ಆಂಡ್ರಾಯ್ಡ್ ಫೋನಿನ ತಳದಲ್ಲೂ ಅದರದೇ ತಿರುಳು, ಅಂದರೆ ಕರ್ನೆಲ್, ಇದೆ. ಆದರೆ ಬೀಗದಕೈ ಕಾಣೆಯಾಗಿದೆ. ಕೆಲವು ವರ್ಷಕ್ಕೆ ಕಂಪನಿ ಅಪ್‌ಡೇಟ್ ನಿಲ್ಲಿಸುತ್ತದೆ. ಫೋನು ಗಟ್ಟಿಮುಟ್ಟಾಗಿಯೇ ಇರುತ್ತದೆ, ಒಳಗಿನ ಕರ್ನೆಲ್ ಯಾರು ಬೇಕಾದರೂ ತಿದ್ದಬಹುದಾದದ್ದು, ಆದರೂ ಸಿಸ್ಟಂ ಶುರುಮಾಡುವ ಬೂಟ್‌ಲೋಡರಿಗೆ ಬೀಗ ಹಾಕಿರುವ ಎಷ್ಟೋ ಮಾಡೆಲ್ಲುಗಳಲ್ಲಿ ಕಾಸು ಕೊಟ್ಟ ಒಡೆಯ ಬೇರೊಂದು ಸಿಸ್ಟಂ ಹಾಕಿಕೊಳ್ಳುವಂತಿಲ್ಲ. ಡೇರೆಯವರ ಟ್ಯಾಂಕಿಗೆ ಆಪಲ್‌ನ ಆ ಹಳೆಯ ಬಾನೆಟ್ಟನ್ನೇ ಬೆಸೆದು ಮಾರುವ ಅಂಗಡಿಯೊಂದನ್ನು ಸ್ಟೀಫನ್‌ಸನ್ ಕಲ್ಪಿಸಿರಲಿಲ್ಲ.