‘ಆಯತವೃತ್ತ’: ಒಂದು ಕ್ಷೇತ್ರನಾಮದ ಅರ್ಥವಿಚಾರ

ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವು 1912ರಲ್ಲಿ ಎಂ. ರಂಗಾಚಾರ್ಯರ ಸಂಪಾದಕತ್ವದಲ್ಲಿ ಮದರಾಸಿನಿಂದ ಅಚ್ಚಾಯಿತು. ಅದರ ಕ್ಷೇತ್ರಗಣಿತಾಧ್ಯಾಯದಲ್ಲಿ ಬರುವ ‘ಆಯತವೃತ್ತ’ವನ್ನು ಆಧುನಿಕ ವಿದ್ವಾಂಸರು ಸಾಮಾನ್ಯವಾಗಿ ಈಗಿನ ‘ದೀರ್ಘವೃತ್ತ’ವೆಂದೇ ಗ್ರಹಿಸುತ್ತ ಬಂದಿದ್ದಾರೆ. ಈ ಸಮೀಕರಣವು ಪರಿಶೀಲನಾರ್ಹವಾಗಿದೆ.

ಮೊದಲು ಶಬ್ದವಿಚಾರ. ‘ಆಯತ’ವೆಂದರೆ ನೀಳವಾದುದು, ಚಾಚಿದುದು. ನಾಲ್ಕು ಲಂಬಕೋನಗಳುಳ್ಳ ನೀಳ ಕ್ಷೇತ್ರಕ್ಕೆ ಶಾಸ್ತ್ರದಲ್ಲಿ ‘ಆಯತಚತುರಶ್ರ’ವೆಂಬ ಪೂರ್ಣ ನಾಮವಿತ್ತು. ಕಾಲಕ್ರಮೇಣ ವಿಶೇಷ್ಯವು ಉದುರಿಹೋಗಿ ವಿಶೇಷಣವೇ ಹೆಸರಾಗಿ ನಿಂತಿತು. ಆದುದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಂತಹ ಗಡಿಭಾಗದಲ್ಲಿ ಕನ್ನಡ ಶಾಲೆಯ ವಿದ್ಯಾರ್ಥಿಗೂ ಮರಾಠಿ ಶಾಲೆಯ ವಿದ್ಯಾರ್ಥಿಗೂ ‘ಆಯತ’ವೆಂದೊಡನೆ ತೋರುವುದು ಚತುರ್ಭುಜವೇ ಹೊರತು ನೀಳ್ಪಲ್ಲ. ಅವರಲ್ಲೊಬ್ಬನು ‘ದೀರ್ಘವೃತ್ತ’ವೆಂದು ಓದಿದುದನ್ನು ಇನ್ನೊಬ್ಬನು ‘ಲಂಬವರ್ತುಳ’ವೆಂದು ಓದುತ್ತಾನೆ, ಆಚಾರ್ಯರ ಪದವು ಇಬ್ಬರಿಗೂ ಅಪರಿಚಿತ.

ಇನ್ನು ಅರ್ಥ. ನಾಮದ ಅರ್ಥವನ್ನು ನಿಘಂಟಿನಲ್ಲಿ ಹುಡುಕುವುದಕ್ಕಿಂತ ಸೂತ್ರದಲ್ಲಿ ಹುಡುಕುವುದು ಲೇಸು. ಆಯಾಮ 36, ವಿಸ್ತಾರ 12 ಎಂದಿಟ್ಟುಕೊಳ್ಳೋಣ. ಸೂಕ್ಷ್ಮಗಣಿತದ ಪ್ರಕಾರ ವಿಸ್ತಾರವರ್ಗದ ಆರು ಪಟ್ಟಿಗೆ ಆಯಾಮವರ್ಗದ ನಾಲ್ಕು ಪಟ್ಟನ್ನು ಕೂಡಿಸಿದರೆ 6048. ಇದರ ವರ್ಗಮೂಲ, ಅಂದರೆ ಸುಮಾರು 77.8, ಪರಿಧಿ. ಈ ಸೂತ್ರದ ಮೂಲ ಯಾವುದು? ಧನುಃಕ್ಷೇತ್ರದಲ್ಲಿ ಬಾಣವರ್ಗದ ಆರು ಪಟ್ಟಿಗೆ ಜ್ಯಾವರ್ಗವನ್ನು ಕೂಡಿಸಿ ಮೂಲ ತೆಗೆದರೆ ಚಾಪವೆಂಬುದು ಜೈನಾಚಾರ್ಯರ ಸೂತ್ರ. ಜ್ಯಾ 36, ಬಾಣ 6 ಇರುವ ಚಾಪವು 1512ರ ಮೂಲ. ಅದನ್ನು ಇಮ್ಮಡಿಸಿದರೆ 6048ರ ಮೂಲವೇ ಆಗುತ್ತದೆ. ಆಯತವೃತ್ತದ ಪರಿಧಿಯು, ಹಾಗಾದರೆ, ಎದುರುಬದುರಾಗಿ ಜೋಡಿಸಿದ ಎರಡು ಬಿಲ್ಲುಗಳ ಲೆಕ್ಕ.

ಕ್ಷೇತ್ರಫಲದಲ್ಲಿ ಮಾತ್ರ ಆಚಾರ್ಯರು ಬಿಲ್ಲನ್ನು ಬಿಟ್ಟರು. ಪರಿಧಿಯನ್ನು ವಿಸ್ತಾರದ ಕಾಲುಭಾಗದಿಂದ ಗುಣಿಸಬೇಕೆಂಬ ಸಮವೃತ್ತದ ವಿಧಿಯನ್ನೇ ಇಲ್ಲಿಗೂ ಅನ್ವಯಿಸಿದುದರಿಂದ ಫಲ ಸುಮಾರು 233 ಬರುತ್ತದೆ. ಧನುಸ್ಸಿಗೂ ಯವಾಕಾರಕ್ಕೂ ಅವರೇ ಹೇಳಿದ ಸೂಕ್ಷ್ಮಸೂತ್ರದಂತೆ, ಜ್ಯಾವನ್ನು ಬಾಣದ ಕಾಲುಭಾಗದಿಂದಲೂ 10ರ ಮೂಲದಿಂದಲೂ ಗುಣಿಸಿ ಇಮ್ಮಡಿಸಿದ್ದರೆ ಸುಮಾರು 341.5 ದೊರೆಯುತ್ತಿತ್ತು. ಇಂದಿನ ದೀರ್ಘವೃತ್ತದ ನಿಜವಾದ ಫಲ 339.3. ಸರಿಯಾದ ದಾರಿ ಅದೇ ಅಧ್ಯಾಯದಲ್ಲಿತ್ತು!

ಹೀಗೇಕಾಯಿತು? ನನ್ನ ಅಭಿಪ್ರಾಯದಲ್ಲಿ ಹೆಸರೇ ಕಾರಣ. ಯವ, ಮುರಜ, ಪಣವ, ವಜ್ರ ಎಂಬ ನಾಮಗಳು ಕಣ್ಣಿಗೆ ಕಾಣುವ ವಸ್ತುಗಳಿಂದ ಬಂದವು. ‘ಆಯತವೃತ್ತ’ವಾದರೋ ಆ ಆಕೃತಿಯನ್ನು ವೃತ್ತದ ಕುಲಕ್ಕೆ ಸೇರಿಸಿ, ವೃತ್ತದ ಫಲವಿಧಿಯನ್ನು ಅದರ ಮೇಲೆ ಹೊರಿಸಿತು. ಶಂಕುಚ್ಛೇದದಿಂದ ಹುಟ್ಟಿದ ಯವನರ ವಕ್ರರೇಖೆಯ ಲಕ್ಷಣ ಇಲ್ಲಿ ಎಲ್ಲಿಯೂ ಇಲ್ಲ. ಆದಕಾರಣ ಹಸ್ತಪ್ರತಿಗಳನ್ನು ಸಂಪಾದಿಸುವವರು ಅನುವಾದದಲ್ಲಿಯೂ ಮೂಲನಾಮವನ್ನೇ ಉಳಿಸಿಕೊಂಡು, ಲಿಪಿಕಾರನು ಆಕೃತಿಯನ್ನು ಬರೆದಿದ್ದಲ್ಲಿ ಅದರ ತುದಿಗಳು ಚೂಪೋ ದುಂಡೋ ಎಂಬುದನ್ನು ತಪ್ಪದೆ ದಾಖಲಿಸುವುದು ಯುಕ್ತ.