ಥರ್ಮಕೋಲ್ ಹಿಡಿದ ಹುಡುಗ

ನಮ್ಮ ಬೀದಿಯಲ್ಲಿ ಒಮ್ಮೆ ಶೂಟಿಂಗ್ ನಡೆಯಿತು. ಬೆಳಗಿನ ಆರಕ್ಕೇ ಜನರೇಟರ್ ವ್ಯಾನು ಬಂದು ಗುಡುಗತೊಡಗಿತು. ಹತ್ತು ಗಂಟೆಗೆಲ್ಲ ಕಾಂಪೌಂಡ್ ಗೋಡೆಗಳ ಮೇಲೆ ಕೂರಲು ಜಾಗವಿರಲಿಲ್ಲ. ಹೀರೋ ಆಟೋದಿಂದ ಇಳಿಯಬೇಕು, ಡ್ರೈವರ್‌ಗೆ ದುಡ್ಡು ಕೊಡಬೇಕು, ಗೇಟು ತೆಗೆಯಬೇಕು. ದೃಶ್ಯ ಅಷ್ಟೇ. ಮಧ್ಯಾಹ್ನ ಎರಡಾದರೂ ಅವನು ಇಳಿಯುತ್ತಲೇ ಇದ್ದ. ಒಮ್ಮೆ ಮೋಡ ಅಡ್ಡ ಬಂತು, ಒಮ್ಮೆ ಆಟೋ ಸ್ಟಾರ್ಟ್ ಆಗಲಿಲ್ಲ, ಎಲ್ಲ ಕೂಡಿಬಂತು ಅನ್ನುವಷ್ಟರಲ್ಲಿ ಎದುರುಮನೆ ಕುಕ್ಕರ್ ಮೂರು ಸಲ ಕೂಗಿತು. ಗೋಡೆ ಮೇಲಿದ್ದ ಜನ ಒಬ್ಬೊಬ್ಬರೇ ಊಟಕ್ಕೆದ್ದು ಹೋದರು.

ನಾನು ಹೋಗಲಿಲ್ಲ. ಬಿಳಿ ಥರ್ಮಕೋಲ್ ಹಲಗೆ ಹಿಡಿದು ಹೀರೋನ ಮುಖಕ್ಕೆ ಬಿಸಿಲು ತಿರುಗಿಸುತ್ತಿದ್ದ ಒಬ್ಬ ಹುಡುಗನನ್ನೇ ನೋಡುತ್ತಿದ್ದೆ. ಅವನ ಮೂಗಿನ ತುದಿಯಲ್ಲೊಂದು ಬೆವರ ಹನಿ. ಎರಡೂ ಕೈ ಹಲಗೆಗೆ, ಒರೆಸುವುದು ಹೇಗೆ? ಟೇಕ್ ಮುಗಿಯುವ ತನಕ ಆ ಹನಿ ಅಲ್ಲೇ ನೇತಾಡುತ್ತಿತ್ತು. ‘ಕಟ್’ ಅಂದ ಕೂಡಲೇ ಹೆಗಲಿಗೆ ಮೂಗು ಉಜ್ಜಿ, ಹಲಗೆಯನ್ನು ಮತ್ತದೇ ಓರೆಗೆ ತಂದು ನಿಂತ. ಆ ಸಿನಿಮಾ ಯಾವಾಗ ಬಂತು, ಯಾವಾಗ ಹೋಯಿತು ನೆನಪಿಲ್ಲ. ಅಂದಿನಿಂದ ನಾನು ಆ ಹುಡುಗನ ಪಕ್ಷ.

ಸಿನಿಮಾ ಮಂದಿಯ ಮೇಲೆ ಬಂದ ಸಿನಿಮಾಗಳಲ್ಲಿ ಮುಕ್ಕಾಲು ಪಾಲು ತಾರೆಯರ ಕಥೆಗಳೇ. ಮೇಲೇರಿದರು, ಕುಡಿದರು, ಬಿದ್ದರು. ಅವು ನನಗೆ ಬೇಗ ಬೇಸರ ಬರಿಸುತ್ತವೆ. ನಾನು ಹುಡುಕಿಕೊಂಡು ಹೋಗಿ ನೋಡುವುದು ಉಳಿದ ಕಾಲು ಪಾಲನ್ನು, ಕೆಲಸದ ಸಿನಿಮಾಗಳನ್ನು. ಅವುಗಳಲ್ಲಿ ನಗು ಹುಟ್ಟುವುದೂ ಕೆಲಸದಿಂದಲೇ. ತಲೆ ಮೇಲೆ ಸೂರು ಕಳಚಿ ಬೀಳುತ್ತಿದ್ದರೂ ಪ್ರತಿಯೊಬ್ಬನೂ ತನ್ನ ಪಾಲಿನ ಸಣ್ಣ ಕೆಲಸವನ್ನು ಭಾರೀ ಗಂಭೀರವಾಗಿ ಮಾಡುತ್ತಿರುತ್ತಾನಲ್ಲ, ಅಲ್ಲಿ.

ಮೊದಲಿಗೆ ಮಾಲೆಗಾಂವ್. ನಾಸಿಕ್ ಜಿಲ್ಲೆಯ ಈ ಊರು ಪವರ್‌ಲೂಮ್‌ಗಳ ಸದ್ದಿನಲ್ಲೇ ಮಲಗಿ ಏಳುತ್ತದೆ. ಮಗ್ಗಗಳಿಗೆ ರಜೆ ಶುಕ್ರವಾರ, ಅವತ್ತು ಜನಕ್ಕೆ ಸಿನಿಮಾ ಬೇಕೇ ಬೇಕು. ಅಲ್ಲಿ ವಿಡಿಯೋ ಪಾರ್ಲರ್ ನಡೆಸಿಕೊಂಡಿದ್ದ ನಾಸಿರ್ ಶೇಖ್ ಎಂಬಾತ ಊರಿನವರನ್ನೇ ಹಾಕಿಕೊಂಡು ‘ಶೋಲೆ’ಯನ್ನು ‘ಮಾಲೆಗಾಂವ್ ಕೆ ಶೋಲೆ’ ಮಾಡಿ ಗೆದ್ದ. ಆ ಧೈರ್ಯದಲ್ಲಿ ಮುಂದೆ ಸೂಪರ್‌ಮ್ಯಾನ್‌ಗೇ ಕೈಹಾಕಿದ. ಆ ಸಾಹಸದುದ್ದಕ್ಕೂ ಜೊತೆಗಿದ್ದು ಫೈಜಾ ಅಹ್ಮದ್ ಖಾನ್ ತೆಗೆದ ಸಾಕ್ಷ್ಯಚಿತ್ರ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ (2008).

ಇಲ್ಲಿನ ಸೂಪರ್‌ಮ್ಯಾನ್ ಶಫೀಕ್, ಮಗ್ಗದ ಕೆಲಸಗಾರ. ಗಾಳಿ ಬೀಸಿದರೆ ಕೇಪಿನ ಜೊತೆ ತಾನೂ ಹೊರಟುಹೋದಾನು ಅನ್ನಿಸುವಂಥ ಕಡ್ಡಿ ಮೈ. ಅವನು ಎದುರಿಸಬೇಕಾದ ಖಳನಿಗೆ ಕೊಳಕೆಂದರೆ ಪ್ರಾಣ, ಊರೆಲ್ಲ ಗುಟ್ಕಾ ಉಗಿಯುತ್ತ ತಿರುಗುವುದೇ ಅವನ ದುಷ್ಟತನ. ನಾಸಿರ್ ಗ್ರೀನ್ ಸ್ಕ್ರೀನ್ ತಂತ್ರವನ್ನು ಎಲ್ಲಿಂದಲೋ ಕೇಳಿ ತಿಳಿದುಕೊಂಡು ಬಂದಿದ್ದಾನೆ. ಹಸಿರು ಬಟ್ಟೆ ಕಟ್ಟಿ, ಅದರ ಮುಂದೆ ಶಫೀಕ್‌ನನ್ನು ಅಡ್ಡಡ್ಡ ಮಲಗಿಸಿ, ಕೈ ಮುಂದೆ ಚಾಚಿಸಿ ‘ಹಾರು’ ಅನ್ನುತ್ತಾನೆ. ಟ್ರಾಲಿ ಬೇಕಾದಾಗ ಸೈಕಲ್ಲು, ಕ್ರೇನ್ ಬೇಕಾದಾಗ ಎತ್ತಿನ ಗಾಡಿ. ಇದ್ದ ಒಂದೇ ಕ್ಯಾಮೆರಾ ನೀರಿಗೆ ಬೀಳುತ್ತದೆ. ನಡುವೆ ಸೂಪರ್‌ಮ್ಯಾನ್‌ಗೆ ಮದುವೆ ಗೊತ್ತಾಗುತ್ತದೆ, ಲೋಕೋದ್ಧಾರ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ.

ಇದನ್ನೆಲ್ಲ ನೋಡಿ ನಗುವುದು ಸುಲಭ. ಪಟ್ಟಣದ ಪ್ರೇಕ್ಷಕರು ನಕ್ಕ ರೀತಿ ನನಗೆ ಒಮ್ಮೊಮ್ಮೆ ಇರುಸುಮುರುಸು ತಂದದ್ದೂ ಇದೆ. ಆದರೆ ಸಾಕ್ಷ್ಯಚಿತ್ರದ ಕ್ಯಾಮೆರಾ ಆ ತಪ್ಪು ಮಾಡುವುದಿಲ್ಲ. ಅದು ಶಫೀಕ್‌ನ ಮುಖವನ್ನು ಅವಸರವಿಲ್ಲದೆ ನೋಡುತ್ತದೆ. ದಿನವಿಡೀ ಮಗ್ಗದ ಮುಂದೆ ನಿಲ್ಲುವವನಿಗೆ ಬಣ್ಣದ ಅಂಗಿ ತೊಟ್ಟು ನಾಲ್ಕು ಜನರ ಮುಂದೆ ಓಡಿಬರುವುದು ಎಂಥ ಸುಖ ಎಂದು ಆ ಮುಖವೇ ಹೇಳುತ್ತದೆ. ತೆರೆಯ ಮೇಲೆ ಗುಟ್ಕಾದ ವಿರುದ್ಧ ಹೋರಾಡಿದ ಶಫೀಕ್ 2011ರಲ್ಲಿ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡ. ಸಾಕ್ಷ್ಯಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬರುವಾಗ 2012. ಇದೇ ಕಥೆಯ ಮೇಲೆ ರೀಮಾ ಕಾಗ್ತಿ ‘ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್’ ಮಾಡಿದ್ದಾರೆ. ಅದೂ ಚೆನ್ನಾಗಿದೆ, ಆದರೆ ಮೊದಲು ಅಸಲಿ ನೋಡಿ.

ಮಾಲೆಗಾಂವಿಗೊಬ್ಬ ದೂರದ ಸೋದರ ಅಮೆರಿಕದಲ್ಲಿದ್ದಾನೆ. ವಿಸ್ಕಾನ್ಸಿನ್ ರಾಜ್ಯದ ಮೆನೊಮೊನಿ ಫಾಲ್ಸ್ ಎಂಬ ಊರಿನ ಮಾರ್ಕ್ ಬೋರ್ಚರ್ಟ್. ಕ್ರಿಸ್ ಸ್ಮಿತ್ ಅವರ ‘ಅಮೆರಿಕನ್ ಮೂವಿ’ (1999) ಇವನ ಬೆನ್ನು ಹತ್ತಿದ ಸಾಕ್ಷ್ಯಚಿತ್ರ. ಸನ್‌ಡಾನ್ಸ್ ಉತ್ಸವದಲ್ಲಿ ಸಾಕ್ಷ್ಯಚಿತ್ರಗಳ ಅತ್ಯುನ್ನತ ಪ್ರಶಸ್ತಿ ಪಡೆದದ್ದು. ಮಾರ್ಕ್‌ನ ತಲೆಯಲ್ಲಿ ಒಂದು ದೊಡ್ಡ ಸಿನಿಮಾ ಇದೆ, ಕೈಯಲ್ಲಿ ಸಾಲ ಇದೆ. ಸ್ಮಶಾನದಲ್ಲಿ ಕಸ ಗುಡಿಸುವ ಕೆಲಸ. ಅವನ ಲೆಕ್ಕಾಚಾರ ಹೀಗೆ: ಅರ್ಧಕ್ಕೆ ನಿಂತಿರುವ ‘ಕೋವನ್’ ಎಂಬ ತನ್ನ ಭಯಾನಕ ಕಿರುಚಿತ್ರವನ್ನು ಮುಗಿಸಿ, ಅದರ ಮೂರು ಸಾವಿರ ವಿಡಿಯೋ ಕ್ಯಾಸೆಟ್ ಮಾರಿ, ಆ ದುಡ್ಡಲ್ಲಿ ದೊಡ್ಡದನ್ನು ಶುರುಮಾಡುವುದು. ಬಂಡವಾಳ ಹಾಕುವವನು ಟ್ರೇಲರ್ ಮನೆಯಲ್ಲಿ ಒಂಟಿಯಾಗಿರುವ ಮುದುಕ ಅಂಕಲ್ ಬಿಲ್. ಅವನಿಗೆ ಈ ಸಿನಿಮಾದಲ್ಲಿ ನಯಾಪೈಸೆ ನಂಬಿಕೆಯಿಲ್ಲ. ಹಾಗಂತ ಬಾಯಿಬಿಟ್ಟು ಹೇಳುತ್ತಲೂ ಇರುತ್ತಾನೆ.

ಇದರಲ್ಲಿನ ಒಂದು ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಒಬ್ಬ ನಟನ ತಲೆಯನ್ನು ಅಡುಗೆಮನೆ ಕಪಾಟಿನ ಬಾಗಿಲಿಗೆ ಗುದ್ದಬೇಕು, ತಲೆ ಬಾಗಿಲು ಸೀಳಿಕೊಂಡು ಆಚೆ ಬರಬೇಕು. ಸುಲಭವಾಗಿ ಮುರಿಯಲಿ ಎಂದು ಹಲಗೆಯ ಹಿಂಭಾಗ ಮೊದಲೇ ಕೊರೆದಿಟ್ಟಿದ್ದಾರೆ. ಗುದ್ದುತ್ತಾರೆ. ಬಾಗಿಲು ಜಗ್ಗುವುದಿಲ್ಲ. ಮತ್ತೆ ಗುದ್ದುತ್ತಾರೆ, ಆಗಲೂ ಇಲ್ಲ. ನಟ ತಲೆ ಸವರಿಕೊಳ್ಳುತ್ತಾನೆ, ಮಾರ್ಕ್ ಮರಗೆಲಸದ ತಾಂತ್ರಿಕ ವಿವರಗಳನ್ನು ಅತ್ಯಂತ ಸೌಜನ್ಯದಿಂದ ಚರ್ಚಿಸುತ್ತಾನೆ. ಇನ್ನೊಂದು ಕಡೆ ಅಂಕಲ್ ಬಿಲ್ ಬಾಯಿಂದ ಒಂದೇ ಒಂದು ಸಾಲು ಹೇಳಿಸಬೇಕು. ಬದುಕಿನಲ್ಲಿ ಭರವಸೆ ಇದೆ ಎಂಬರ್ಥದ ಮಾತು. ಹತ್ತು ಟೇಕ್ ಆಯಿತು, ಇಪ್ಪತ್ತಾಯಿತು. ಮುದುಕ ಪ್ರತಿ ಸಲವೂ ಒಂದೊಂದು ಪದ ನುಂಗುತ್ತಾನೆ, ತನಗೆ ಅದರಲ್ಲಿ ನಂಬಿಕೆ ಇಲ್ಲ ಅನ್ನುತ್ತಾನೆ. ಮಾರ್ಕ್ ಬಿಡುವುದಿಲ್ಲ. ಅದೇ ಮಾರ್ಕ್ ಇನ್ನೊಂದೆಡೆ ಅದೇ ಮುದುಕನಿಗೆ ಕೈಯಾರೆ ಸ್ನಾನ ಮಾಡಿಸುತ್ತಾನೆ. ದುಡ್ಡಿಗಾಗಿ ಹಿಂದೆ ಬಿದ್ದವನೋ, ಅಕ್ಕರೆಯಿಂದ ನೋಡಿಕೊಳ್ಳುವವನೋ? ಎರಡೂ ಹೌದು. ಸ್ಮಿತ್ ಎರಡನ್ನೂ ಬಿಡಿಸಲು ಹೋಗದೆ ತೋರಿಸುತ್ತಾರೆ. ಬಿಲ್ 1997ರಲ್ಲಿ ತೀರಿಕೊಂಡಾಗ ಐವತ್ತು ಸಾವಿರ ಡಾಲರನ್ನು ಮಾರ್ಕ್ ಹೆಸರಿಗೆ ಬಿಟ್ಟುಹೋದ.

ಅಂದಹಾಗೆ, ‘ಪಾರ್ಟಿ ಹಿಡಿಯುವುದು’, ಅಂದರೆ ದುಡ್ಡು ಹಾಕುವವನನ್ನು ಹುಡುಕುವುದು, ಗಾಂಧಿನಗರದ ಸಿನಿಮಾ ಮಂದಿಗೇನೂ ಹೊಸ ವಿದ್ಯೆಯಲ್ಲ, ತಮಿಳರಿಗೂ ಅಲ್ಲ. ಶ್ರೀಧರ್ ನಿರ್ದೇಶನದ ತಮಿಳಿನ ‘ಕಾದಲಿಕ್ಕ ನೇರಮಿಲ್ಲೈ’ (1964) ಚಿತ್ರದಲ್ಲಿ ನಾಗೇಶ್ ಅಪ್ಪನ ದುಡ್ಡಿನ ಮೇಲೆ ಕಣ್ಣಿಟ್ಟು ‘ಓಹೋ ಪ್ರೊಡಕ್ಷನ್ಸ್’ ಬೋರ್ಡು ಹಾಕಿಕೊಂಡು ಕೂತಿರುತ್ತಾನೆ. ಅಪ್ಪ ಬಾಲಯ್ಯನಿಗೆ ದೆವ್ವದ ಕಥೆ ಹೇಳುವ ಆ ದೃಶ್ಯದಲ್ಲಿ ಕಥೆಯೇ ಇಲ್ಲ. ಇರುವುದು ಬರೀ ಸದ್ದು, ಕೇಳುವವನ ಮುಖದ ಮೇಲಿನ ಬೆವರು. ಕನ್ನಡಕ್ಕೆ ಇದು ‘ಪ್ರೀತಿ ಮಾಡು ತಮಾಷೆ ನೋಡು’ (1979) ಆಗಿ ಬಂತು, ದ್ವಾರಕೀಶ್ ಇದ್ದರು. ನಿರ್ಮಾಪಕನಿಗೆ ಕಥೆ ಹೇಳುವ ಕಸುಬಿನ ಬಗ್ಗೆ ಅದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಮರಾಠಿಯ ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’ (2009) ಹೆಸರಿನಲ್ಲೇ ಒಂದು ಜೋಕಿದೆ. ಪರೇಶ್ ಮೊಕಾಶಿ ನಿರ್ದೇಶನದ ಈ ಚಿತ್ರ ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ (1913) ಮಾಡಿದ ಕಥೆ. ಸಿನಿಮಾದಲ್ಲಿ ಕೆಲಸ ಅಂದರೆ ಯಾರಿಗೂ ಅರ್ಥವಾಗದ, ಅರ್ಥವಾದರೆ ಮರ್ಯಾದೆ ಹೋಗುವ ಕಾಲ. ಹಾಗಾಗಿ ಹರಿಶ್ಚಂದ್ರ ಎಂಬುವವರ ಫ್ಯಾಕ್ಟರಿಯಲ್ಲಿ ಕೆಲಸ ಎಂದು ಮನೆಯಲ್ಲಿ ಹೇಳಿಬಿಡಿ ಅನ್ನುವುದು ಫಾಲ್ಕೆಯವರ ಉಪಾಯ. ತಾರಾಮತಿ ಪಾತ್ರಕ್ಕೆ ಹೆಣ್ಣುಮಕ್ಕಳು ಸಿಗಲಿಲ್ಲ, ಮುಂಬೈಯ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಸಾಳುಂಕೆ ಸಿಕ್ಕ. ಸೀರೆ ಉಡಲು ಗಂಡಸರ ತಕರಾರಿಲ್ಲ, ಮೀಸೆ ಬೋಳಿಸಲು ಮಾತ್ರ ಒಲ್ಲರು. ಅಪ್ಪ ಇನ್ನೂ ಬದುಕಿರುವಾಗ ಮೀಸೆ ತೆಗೆಯುವುದುಂಟೇ! ಕಂಪನಿ ನಾಟಕಗಳಲ್ಲಿ ಗಂಡಸರ ಸ್ತ್ರೀಪಾತ್ರಗಳನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರೊಂದಿಗೆ ಕೂತು ನೋಡಿ, ಅರ್ಧ ಟಿಪ್ಪಣಿ ಅವರೇ ಕೊಡುತ್ತಾರೆ. ಮುಂದೆ ಇದೇ ಸಾಳುಂಕೆ 1917ರ ‘ಲಂಕಾದಹನ’ದಲ್ಲಿ ರಾಮನೂ ಆದ, ಸೀತೆಯೂ ಆದ. ‘ಫ್ಯಾಕ್ಟರಿ’ಯ ಎಳೆ ಸ್ವಲ್ಪ ಹೆಚ್ಚೇ ಹಗುರ, ಫಾಲ್ಕೆಯವರ ಕಷ್ಟಗಳೆಲ್ಲ ಮಕ್ಕಳಾಟದಂತೆ ತೇಲಿಹೋಗುತ್ತವೆ ಎಂಬ ದೂರು ನನಗೂ ಇದೆ.

ಜಪಾನಿನವರು ಇಂಥ ಕೆಲಸದ ಸಿನಿಮಾಗಳಲ್ಲಿ ನಿಸ್ಸೀಮರು. ಕೋಕಿ ಮಿತಾನಿಯ ‘ರೇಡಿಯೋ ನೋ ಜಿಕಾನ್’ (1997) ಪೂರ್ತಿ ನಡೆಯುವುದು ಒಂದು ರೇಡಿಯೋ ಸ್ಟೇಷನ್ನಿನಲ್ಲಿ, ಒಂದು ರಾತ್ರಿ. ಒಬ್ಬ ಗೃಹಿಣಿ ಬರೆದ ಪ್ರೇಮಕಥೆಗೆ ಬಹುಮಾನ ಬಂದಿದೆ, ಅದರ ನಾಟಕ ನೇರ ಪ್ರಸಾರ. ಇನ್ನೇನು ಶುರು ಅನ್ನುವಾಗ ನಾಯಕಿ ನಟಿ, ನನ್ನ ಪಾತ್ರದ ಹೆಸರು ಮೇರಿ ಜೇನ್ ಎಂದಾಗಲಿ ಅನ್ನುತ್ತಾಳೆ. ಆಯಿತು. ಹೆಸರು ಹಾಗಾದ ಮೇಲೆ ಊರು ಜಪಾನಿನದಾಗುವುದು ಹೇಗೆ? ಅಮೆರಿಕದ್ದಾಗುತ್ತದೆ. ಅವಳಿಗೆ ಸಿಕ್ಕಿದ್ದು ನನಗೇಕಿಲ್ಲ ಎಂದು ನಾಯಕನೂ ಹೆಸರು ಬದಲಿಸಿಕೊಳ್ಳುತ್ತಾನೆ. ಒಂದು ಎಳೆ ಜಗ್ಗಿದ್ದಕ್ಕೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತ ಹೋಗಿ, ಮೀನುಗಾರನಾಗಿದ್ದವನು ಪೈಲಟ್ ಆಗಿ, ಕಥೆ ಬಾಹ್ಯಾಕಾಶ ಮುಟ್ಟುತ್ತದೆ. ಗಾಜಿನಾಚೆ ಕೂತ ಲೇಖಕಿಯ ಮುಖ ನೋಡಬೇಕು.

ಹೊತ್ತಲ್ಲದ ಹೊತ್ತಲ್ಲಿ ಹೊಸ ಹೊಸ ಸದ್ದುಗಳು ಬೇಕಾಗುತ್ತವೆ, ಧ್ವನಿ ಸಂಗ್ರಹದ ಕೋಣೆಗೆ ಬೀಗ. ಆಗ ನೆನಪಾಗುವವನು ಬಾಗಿಲಲ್ಲಿ ಕೂತಿರುವ ಮುದಿ ವಾಚ್‌ಮನ್. ಒಂದು ಕಾಲಕ್ಕೆ ಅದೇ ಸ್ಟೇಷನ್ನಿನಲ್ಲಿ ಕೈಯಾರೆ ಸದ್ದು ಮಾಡುತ್ತಿದ್ದ ಕಸುಬುದಾರ ಅವನು. ಯಂತ್ರಗಳು ಬಂದವು, ಅವನು ಬಾಗಿಲಿಗೆ ಬಂದ. ಈಗ ಅವನು ಎದ್ದು ಬಂದು, ಸಿಕ್ಕ ಸಾಮಾನುಗಳಿಂದ ಯುವಕರಿಗೆ ಸದ್ದು ಹುಟ್ಟಿಸುವುದನ್ನು ಹೇಳಿಕೊಡುತ್ತಾನೆ. ಆಕಾಶವಾಣಿ ನಾಟಕಗಳಲ್ಲಿ ಮಳೆ, ಕುದುರೆ, ಬಾಗಿಲು ಕೇಳುತ್ತ ಬೆಳೆದ ನನ್ನಂಥವರ ಗಂಟಲು ಕಟ್ಟುವುದು ಇಲ್ಲೇ. ಮಿತಾನಿ ಅದಕ್ಕೂ ಹೆಚ್ಚು ಹೊತ್ತು ಕೊಡುವುದಿಲ್ಲ. ಪ್ರಸಾರ ನಡೆಯುತ್ತಿದೆಯಲ್ಲ.

ಜಪಾನಿನದೇ ಇನ್ನೊಂದು, ಶಿನ್‌ಇಚಿರೋ ಉಎದಾ ನಿರ್ದೇಶಿಸಿದ ‘ಒನ್ ಕಟ್ ಆಫ್ ದಿ ಡೆಡ್’ (2017). ಸುಮಾರು 30 ಲಕ್ಷ ಯೆನ್‌ನಲ್ಲಿ, ಹೆಸರಿಲ್ಲದ ನಟರನ್ನಿಟ್ಟು ಮಾಡಿದ್ದು, ಗಳಿಸಿದ್ದು 300 ಕೋಟಿ ಯೆನ್‌ಗೂ ಮೇಲೆ. ಶುರುವಿಗೆ 37 ನಿಮಿಷದ ಒಂದೇ ಶಾಟ್, ಪೆದ್ದು ಪೆದ್ದಾದ ಜಾಂಬಿ ಚಿತ್ರ. ನಡುವೆ ಪಾತ್ರಗಳು ಸುಮ್ಮನೆ ನಿಂತುಬಿಡುತ್ತವೆ, ಸಂಬಂಧವಿಲ್ಲದೆ ಹವ್ಯಾಸಗಳ ಬಗ್ಗೆ ಮಾತಾಡುತ್ತವೆ, ಕ್ಯಾಮೆರಾ ನೆಲದ ಮೇಲೆ ಬಿದ್ದುಕೊಂಡಿರುತ್ತದೆ. ಮನೆಯಲ್ಲಿ ನಾನಿದನ್ನು ಹಾಕಿದಾಗ ಇಬ್ಬರು ಎದ್ದು ಹೋದರು. ಅವರ ಹೊಟ್ಟೆ ಉರಿಸಲಾದರೂ ನೀವು ಪೂರ್ತಿ ನೋಡಬೇಕು. ಆ ಪೆದ್ದು ಮೌನಗಳ ಹಿಂದೆ ಯಾರು ಯಾರು ಎಲ್ಲೆಲ್ಲಿ ಓಡಾಡುತ್ತಿದ್ದರು ಎಂಬುದೇ ಉಳಿದ ಸಿನಿಮಾ. ಇದಕ್ಕಿಂತ ಹೆಚ್ಚು ಹೇಳಿದರೆ ಅನ್ಯಾಯ.

ಕೊನೆಗೆ ನನ್ನ ಪಟ್ಟಿಯ ಮೊದಲನೆಯದು, ಟಾಮ್ ಡಿಸಿಲ್ಲೊ ಅವರ ‘ಲಿವಿಂಗ್ ಇನ್ ಆಬ್ಲಿವಿಯನ್’ (1995). ಜಿಮ್ ಜಾರ್ಮುಶ್‌ಗೆ ಛಾಯಾಗ್ರಾಹಕರಾಗಿದ್ದ ಡಿಸಿಲ್ಲೊ ಇದನ್ನು ಮೊದಲು ಕಿರುಚಿತ್ರವಾಗಿ ತೆಗೆದು ಆಮೇಲೆ ಹಿಗ್ಗಿಸಿದರು. ಸ್ಟೀವ್ ಬುಸೆಮಿ ಇಲ್ಲಿ ಬಡ ಬಜೆಟ್ಟಿನ ಚಿತ್ರದ ನಿರ್ದೇಶಕ. ತಾಯಿ ಮಗಳ ಒಂದು ಮಾತುಕತೆ ತೆಗೆಯಬೇಕು. ಮೈಕು ಫ್ರೇಮಿನೊಳಗೆ ಇಳಿಯುತ್ತದೆ, ಫೋಕಸ್ ತಪ್ಪುತ್ತದೆ, ಬಲ್ಬು ಸಿಡಿಯುತ್ತದೆ, ನಟಿ ಪ್ರತಿ ಟೇಕಿನಲ್ಲೂ ಇಷ್ಟಿಷ್ಟೇ ಒಣಗುತ್ತ ಹೋಗುತ್ತಾಳೆ. ತಿಂಡಿ ಮೇಜಿನ ಮೇಲಿದ್ದ ಕೆಟ್ಟ ಹಾಲು ಕುಡಿದ ಕ್ಯಾಮೆರಾಮನ್ ವಾಂತಿಗೆ ಓಡಿದ್ದಾನೆ. ಸುಮ್ಮನೆ ಒಮ್ಮೆ ಮಾತು ಹೇಳಿಕೊಳ್ಳೋಣ ಎಂದು ಕೂತ ಇಬ್ಬರು ನಟಿಯರಿಂದ ಆಗ ಬರುತ್ತದೆ, ಬೆಳಗಿನಿಂದ ಕಾಯುತ್ತಿದ್ದ ಆ ಅಭಿನಯ. ಕ್ಯಾಮೆರಾ ಹಿಂದೆ ಯಾರೂ ಇಲ್ಲ. ಬುಸೆಮಿಯ ಕಣ್ಣಲ್ಲಿ ಆನಂದವೂ ಸಂಕಟವೂ ಒಟ್ಟಿಗೇ ನಿಲ್ಲುತ್ತವೆ.

ಪೀಟರ್ ಡಿಂಕ್ಲೇಜ್ ಮೊದಲ ಸಲ ತೆರೆಗೆ ಬಂದದ್ದೂ ಇದರಲ್ಲೇ. ಕನಸಿನ ದೃಶ್ಯಕ್ಕೆಂದು ಅವನನ್ನು ಕರೆಸಿದ್ದಾರೆ. ಕನಸು ಅಂದರೆ ಕುಳ್ಳನೊಬ್ಬ ಬರಲೇಬೇಕು ಎಂದು ನಿಮಗೆ ಹೇಳಿದವರು ಯಾರು, ನನಗೇ ಅಂಥ ಕನಸು ಬೀಳುವುದಿಲ್ಲ ಎಂದು ಜಾಡಿಸಿ ಹೊರಟುಹೋಗುತ್ತಾನೆ. ಹೊಗೆ ಯಂತ್ರ ಮೊದಲು ಹೊಗೆಯನ್ನೇ ಬಿಡುವುದಿಲ್ಲ, ಆಮೇಲೆ ನಿಲ್ಲಿಸುವುದಿಲ್ಲ.

ಅಂತೂ ಒಂದು ಶಾಟ್ ಓಕೆ ಆಗುತ್ತದೆ. ಆಗ ಸೌಂಡಿನವನು ಕೈ ಎತ್ತುತ್ತಾನೆ. ಅವನಿಗೆ ಆ ಕೋಣೆಯ ಖಾಲಿ ಸದ್ದು ಬೇಕು, ಎಡಿಟಿಂಗ್‌ನಲ್ಲಿ ಮಾತುಗಳ ನಡುವೆ ತುಂಬಲು. ಮೂವತ್ತು ಸೆಕೆಂಡು ಯಾರೂ ಅಲುಗಾಡಬಾರದು. ದಿನವಿಡೀ ಕಿರುಚಾಡಿದ ಅಷ್ಟೂ ಜನ ನಿಂತಲ್ಲೇ ನಿಲ್ಲುತ್ತಾರೆ, ಕ್ಯಾಮೆರಾ ಒಬ್ಬೊಬ್ಬರ ಮುಖದ ಹತ್ತಿರ ಹೋಗುತ್ತದೆ. ನಿರ್ದೇಶಕ ತನಗೆ ಪ್ರಶಸ್ತಿ ಬಂದಂತೆ, ವೇದಿಕೆ ಹತ್ತಿದಂತೆ ಕನಸು ಕಾಣುತ್ತಿದ್ದಾನೆ. ಉಳಿದವರ ತಲೆಯಲ್ಲೂ ಅವರವರದು ಓಡುತ್ತಿದೆ. ಮೈಕಿಗೆ ಅದ್ಯಾವುದೂ ಕೇಳುವುದಿಲ್ಲ.