ಒಂದು ಪಾತ್ರ, ಆರು ಮುಖ

ತಾಳಮದ್ದಳೆಯ ಕೂಟಗಳಲ್ಲಿ ರಾತ್ರಿ ಕಳೆದ ನಮಗೆ ಒಂದೇ ಕರ್ಣನನ್ನು ಹಲವು ಅರ್ಥಧಾರಿಗಳಿಂದ ಕೇಳುವುದು ಹೊಸತಲ್ಲ. ಪ್ರಸಂಗದ ಪದ್ಯ ಒಂದೇ; ಆದರೆ ಒಬ್ಬರ ಕರ್ಣ ದಾನಶೂರನಾಗಿ ಮೆರೆದರೆ ಇನ್ನೊಬ್ಬರ ಕರ್ಣ ಕುಲವರಿಯದ ನೋವಿನಲ್ಲಿ ಬೇಯುತ್ತಾನೆ. ಇಂಗ್ಲಿಷ್ ಚಲನಚಿತ್ರದ ಪ್ರಸಿದ್ಧ ಗೂಢಚಾರ ಜೇಮ್ಸ್ ಬಾಂಡನನ್ನೂ ಹೀಗೆಯೇ ತೂಗಿನೋಡಬಹುದು. ಇಯಾನ್ ಫ್ಲೆಮಿಂಗ್ 1953ರ ಕಾದಂಬರಿಯೊಂದರಲ್ಲಿ ಸೃಷ್ಟಿಸಿದ ಈ ಪಾತ್ರವನ್ನು, 1962ರಿಂದ 2021ರವರೆಗಿನ 25 ಚಿತ್ರಗಳ ಮುಖ್ಯ ಮಾಲೆಯಲ್ಲಿ ಆರು ಮಂದಿ ನಟರು ವಹಿಸಿದರು. ಯಾರು ಹೆಚ್ಚು ಸುಂದರ, ಯಾರ ಹೊಡೆತ ಹೆಚ್ಚು ಬಿರುಸು ಎಂಬುದು ಹರಟೆಯ ಪ್ರಶ್ನೆ. ವಿಮರ್ಶೆ ಕೇಳಬೇಕಾದುದು ಬೇರೆ: ಕೊಲ್ಲುವ ಅನುಮತಿಯನ್ನು ಸರಕಾರದಿಂದಲೇ ಪಡೆದ ಈ ಮನುಷ್ಯನಿಗೆ ಸಾವು ತಟ್ಟುತ್ತದೆಯೆ?

ಮೊದಲಿಗನಾದ ಷಾನ್ ಕಾನರಿಯ ಬಾಂಡನಿಗೆ ತಟ್ಟುವುದಿಲ್ಲ. 1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಆತ ಇಸ್ಪೀಟು ಹರಡಿಕೊಂಡು ವೈರಿಯ ದಾರಿ ಕಾಯುತ್ತಾನೆ. ಬಂದವನ ಪಿಸ್ತೂಲಿನಲ್ಲಿ ಗುಂಡು ಮುಗಿದುದನ್ನು ಅರಿತೇ ಅವನನ್ನು ಕೊಲ್ಲುತ್ತಾನೆ. ಮುಖದ ಒಂದು ಗೆರೆಯೂ ಅಲುಗದು. ವೀರ ಶೃಂಗಾರಗಳೆರಡರಿಂದಲೇ ಕಟ್ಟಿದ ಪಾತ್ರಕ್ಕೆ ಆತನ ಲಾಘವದ ನಡಿಗೆಯೂ ನಿರ್ಲಕ್ಷ್ಯದ ನೋಟವೂ ಹೇಳಿಮಾಡಿಸಿದಂತಿದ್ದವು. ಜಗತ್ತು ಮರುಳಾಯಿತು. ಆ ಅಲೆ ಕನ್ನಡವನ್ನೂ ಮುಟ್ಟಿ, 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಸಿ.ಐ.ಡಿ. 999 ಆಗಿ ಕಾಣಿಸಿಕೊಂಡರು.

ಕಾನರಿಯ ಬಳಿಕ ಬಂದವನು ಆಸ್ಟ್ರೇಲಿಯದ ಜಾರ್ಜ್ ಲೇಜನ್‌ಬಿ. ಜಾಹೀರಾತುಗಳ ರೂಪದರ್ಶಿ, ನಟನೆಯಲ್ಲಿ ಅನನುಭವಿ. ಆತ ಮಾಡಿದುದು 1969ರ ಒಂದೇ ಚಿತ್ರ. ಆತನ ಮಾತು ಸಪ್ಪೆ, ನಿಲುವು ಬಿಗಿ ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ಈ ಪಾತ್ರದ ಅತ್ಯಂತ ಸತ್ಯವಾದ ದೃಶ್ಯ ಆತನ ಪಾಲಿಗೆ ಬಂದಿತು. ಮದುವೆಯಾಗಿ ಹೊರಟ ದಾರಿಯಲ್ಲಿಯೇ ಹೆಂಡತಿ ಗುಂಡಿಗೆ ಬಲಿಯಾಗುತ್ತಾಳೆ. ವಿಚಾರಿಸಲು ಬಂದ ಪೋಲೀಸನಿಗೆ ಬಾಂಡ್, ಅವಳು ವಿಶ್ರಮಿಸಿಕೊಳ್ಳುತ್ತಿದ್ದಾಳೆ, ಅವಸರವೇನೂ ಇಲ್ಲ, ತಮಗೆ ಬೇಕಾದಷ್ಟು ಕಾಲವಿದೆ ಎನ್ನುತ್ತಾನೆ. ಈ ಸಂಯಮದ ಶ್ರೇಯಸ್ಸಿನಲ್ಲಿ ನಿರ್ದೇಶಕ ಪೀಟರ್ ಹಂಟನಿಗೂ ಪಾಲುಂಟು. ಆದರೆ ನುರಿತ ನಟನೊಬ್ಬ ಇಲ್ಲಿ ಏನನ್ನಾದರೂ ‘ಮಾಡಿ’ ತೋರಿಸುತ್ತಿದ್ದನೇನೋ. ಲೇಜನ್‌ಬಿಗೆ ಮಾಡಲು ಬಾರದುದೇ ಇಲ್ಲಿ ವರವಾಯಿತು. ಆ ದಿನದಿಂದ ಬಾಂಡನ ವೀರದ ಅಡಿಯಲ್ಲಿ ಶೋಕವೊಂದು ನೆಲೆಯೂರಿತು. ಮುಂದಿನವರೆಲ್ಲ ಆ ಸಾಲವನ್ನು ಹೊತ್ತವರೇ.

ಸಾಲ ತೀರಿಸಿದ ಬಗೆಯಲ್ಲಿಯೇ ಅವರ ಅಂತರ. 1971ರಲ್ಲಿ ಮರಳಿ ಬಂದ ಕಾನರಿ ಚಿತ್ರದುದ್ದಕ್ಕೂ ಸತ್ತವಳ ಹೆಸರನ್ನೇ ಎತ್ತುವುದಿಲ್ಲ. 1973ರಿಂದ 1985ರವರೆಗೆ ಏಳು ಚಿತ್ರಗಳಲ್ಲಿ ನಟಿಸಿದ ರೋಜರ್ ಮೂರ್ ಪಾತ್ರವನ್ನು ವಿನೋದಕ್ಕೆ ತಿರುಗಿಸಿದನು. ಹುಬ್ಬೇರಿಸುವುದೇ ಆತನ ಅಭಿನಯವೆಂದು ಹಾಸ್ಯ ಮಾಡುವವರಿದ್ದಾರೆ. ಆದರೆ 1977ರ ಚಿತ್ರದಲ್ಲಿ ಮಡಿದ ಹೆಂಡತಿಯ ಪ್ರಸ್ತಾಪ ಬಂದೊಡನೆ ಆತ ಮಾತನ್ನು ಕಡಿಯುವುದನ್ನು ನೋಡಬೇಕು. ನಗು ಒಂದು ಕ್ಷಣ ಜಾರಿ ಮತ್ತೆ ಮುಖವೇರುತ್ತದೆ. ಆ ಕ್ಷಣದಿಂದ ಆತನ ವಿನೋದವೂ ಒಂದು ಕವಚವೆಂದು ತಿಳಿಯುತ್ತದೆ. ಟಿಮಥಿ ಡಾಲ್ಟನ್ ಎರಡೇ ಚಿತ್ರಗಳಲ್ಲಿ ಆ ಕವಚವನ್ನು ಕಳಚಿದನು. 1989ರ ಚಿತ್ರದಲ್ಲಿ ಗೆಳೆಯನ ಮದುವೆಯ ಸಂಭ್ರಮದ ನಡುವೆ ಕಳೆಗುಂದುವ ಆತನ ಮುಖ ಕಾದಂಬರಿಯ ಬಾಂಡನಿಗೆ ಬಹು ಸಮೀಪದ್ದು. ಜನ ಆತನನ್ನು ಕಡೆಗಣಿಸಿದುದು ಅನ್ಯಾಯ. ಪಿಯರ್ಸ್ ಬ್ರಾಸ್ನನ್ ಹಿಂದಿನವರೆಲ್ಲರ ಗುಣಗಳನ್ನೂ ಹದವಾಗಿ ಬೆರೆಸಿದನು. ಬೆರಕೆಯಲ್ಲಿ ಸ್ವಂತದ್ದು ಕಡಿಮೆ. ಆದರೂ 1999ರ ಚಿತ್ರದಲ್ಲಿ, ತಾನು ಪ್ರೀತಿಸಿದವಳನ್ನು ತಾನೇ ಕೊಂದು ಅವಳ ಮೇಲೆ ಒಮ್ಮೆ ಬಾಗುವಾಗ ಆತ ಮಾದರಿಗಳನ್ನು ಮರೆಯುತ್ತಾನೆ.

ಕೊನೆಯವನಾದ ಡೇನಿಯಲ್ ಕ್ರೇಗ್ 2006ರ ‘ಕ್ಯಾಸಿನೊ ರೊಯಾಲ್’ ಚಿತ್ರದಲ್ಲಿ ಕೊಂದ ಕೈಯ ರಕ್ತ ತೊಳೆದುಕೊಂಡು ಕನ್ನಡಿ ನೋಡುತ್ತಾನೆ. ಕೊಲೆ ಕೊಂದವನಲ್ಲಿಯೂ ಏನನ್ನೋ ಕೊಲ್ಲುತ್ತದೆಂಬುದು ಅಲ್ಲಿ ಮಾತಿಲ್ಲದೆ ವ್ಯಕ್ತವಾಗಿದೆ. ಆತನ ಮುಂದಿನ ಚಿತ್ರಗಳಲ್ಲಿ ದುಃಖ ಬಾಯಿಬಿಟ್ಟು ಮಾತನಾಡತೊಡಗಿತು. ಅಷ್ಟರಮಟ್ಟಿಗೆ ಧ್ವನಿ ಕುಗ್ಗಿತು, ಲೀಲೆಯೂ ಮಾಯವಾಯಿತು. 2021ರ ಚಿತ್ರದಲ್ಲಿ ಬಾಂಡನೇ ಸಾಯುತ್ತಾನೆ. ಸಾಯುವ ಮುನ್ನ ತನ್ನ ಪ್ರಿಯೆಗೆ ಅವನು ಹೇಳುವುದು, ಅವಳಿಗೆ ಬೇಕಾದಷ್ಟು ಕಾಲವಿದೆಯೆಂದು. 52 ವರ್ಷಗಳ ಹಿಂದೆ ಅನನುಭವಿಯೊಬ್ಬನ ಬಾಯಿಂದ ಬಂದ ಮಾತೇ ಪಾತ್ರಕ್ಕೆ ಭರತವಾಕ್ಯವಾಯಿತು!

ಆರು ಮಂದಿಯಲ್ಲಿ ಕಾನರಿ ಪಾತ್ರಕ್ಕೆ ದೇಹ ಕೊಟ್ಟನು, ನಿಜ. ಆದರೆ ದೇಹವನ್ನು ಅನುಕರಿಸಬಹುದು. ನೋವನ್ನು ಪ್ರತಿಯೊಬ್ಬನೂ ತನ್ನೊಳಗಿಂದಲೇ ತರಬೇಕು. ಶಾಲೆಯ ವಾರ್ಷಿಕೋತ್ಸವದಲ್ಲಿ ಹಿಂದಿನ ವರ್ಷದ ಹರಿಶ್ಚಂದ್ರನ ದನಿಯನ್ನೇ ಕಂಠಪಾಠ ಮಾಡುವ ನಮ್ಮ ವಿದ್ಯಾರ್ಥಿಮಿತ್ರರು ಇದನ್ನು ಗಮನಿಸಲಿ. ಹಿಂದಿನವನು ಹೇಗೆ ಆಡಿದನೆಂದು ನೋಡಿದರೆ ಸಾಲದು. ಅವನು ಆಡದೆ ಬಿಟ್ಟುದೇನೆಂದು ಹುಡುಕಬೇಕು. ಪಾತ್ರ ಹೊಸಬನಿಗಾಗಿ ಕಾದಿರುವುದು ಅಲ್ಲಿ.